ಅತಿಥಿಯ ನೆಮ್ಮದಿ, ಮಾಣಿಯ ಹಕ್ಕು

2008ರ ನವೆಂಬರ್ 26ರ ರಾತ್ರಿ ಮುಂಬೈನ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿನ ಔತಣದ ಸಭಾಂಗಣವೊಂದರಲ್ಲಿ ಯೂನಿಲಿವರ್ ಕಂಪನಿಯ ಹಿರಿಯ ಅಧಿಕಾರಿಗಳ ಭೋಜನಕೂಟ ನಡೆಯುತ್ತಿತ್ತು. ಹೊರಗಿನಿಂದ ಕೇಳಿದ ಸದ್ದನ್ನು ಮೊದಲಿಗೆ ಯಾವುದೋ ಮದುವೆಯ ಪಟಾಕಿಯೆಂದು ಭಾವಿಸಲಾಯಿತು. ಅದು ಗುಂಡಿನ ಸದ್ದು ಎಂಬುದನ್ನು ಮೊದಲು ಅರಿತವರು ಹೋಟೆಲಿನ ಸಿಬ್ಬಂದಿ. ಆ ಕೂಟದ ಉಸ್ತುವಾರಿ ಹೊತ್ತಿದ್ದ ವ್ಯವಸ್ಥಾಪಕಿಗೆ ಆಗ ವಯಸ್ಸು 24. ಬಾಗಿಲುಗಳನ್ನು ಭದ್ರಪಡಿಸಲಾಯಿತು, ದೀಪಗಳನ್ನು ಆರಿಸಲಾಯಿತು, ಎಲ್ಲರಿಗೂ ಮೇಜುಗಳ ಕೆಳಗೆ ಸದ್ದಿಲ್ಲದೆ ಮಲಗುವಂತೆ ಸೂಚಿಸಲಾಯಿತು. ಒಂದೇ ಕುಟುಂಬದ ಇಬ್ಬರೂ ಒಟ್ಟಿಗೆ ಬಲಿಯಾಗದಿರಲಿ ಎಂದು ಗಂಡಹೆಂಡಿರನ್ನು ಬೇರೆ ಬೇರೆ ಮೂಲೆಗಳಲ್ಲಿ ಕೂರಿಸಲಾಯಿತು. ರಾತ್ರಿಯಿಡೀ ಸಿಬ್ಬಂದಿ ಕತ್ತಲಲ್ಲಿ ನೀರು ಕೊಡುತ್ತ, ಏನಾದರೂ ಬೇಕೇ ಎಂದು ಪಿಸುದನಿಯಲ್ಲಿ ಕೇಳುತ್ತ ಓಡಾಡಿದರು. ಬೆಳಗಿನ ಹೊತ್ತಿಗೆ ಹೊರಗಿನ ಹಜಾರದಲ್ಲಿ ಬೆಂಕಿ ಕಾಣಿಸಿಕೊಂಡಾಗ ಕಿಟಕಿಗಳಿಂದ ಅಗ್ನಿಶಾಮಕ ದಳದ ಏಣಿಗಳ ಮೂಲಕ ಮೊದಲು ಅತಿಥಿಗಳು ಇಳಿದರು, ಸಿಬ್ಬಂದಿ ಕೊನೆಗೆ ಇಳಿದರು.

ಅದೇ ಕಟ್ಟಡದ ಇನ್ನೊಂದೆಡೆ ಟೆಲಿಫೋನ್ ಆಪರೇಟರುಗಳು ಕೋಣೆಕೋಣೆಗೆ ಕರೆ ಮಾಡಿ ಬಾಗಿಲಿಗೆ ಚಿಲಕ ಹಾಕಿಕೊಳ್ಳಿ, ದೀಪ ಆರಿಸಿ, ಹೊರಗೆ ಬರಬೇಡಿ ಎಂದು ತಿಳಿಸುತ್ತಿದ್ದರು. ಅಡುಗೆಮನೆಯ ಸಿಬ್ಬಂದಿ ಅತಿಥಿಗಳನ್ನು ಸೇವಾಮಾರ್ಗಗಳ ಮೂಲಕ ಹೊರಗೆ ಸಾಗಿಸುತ್ತಿದ್ದಾಗ ಬಂದೂಕುಧಾರಿಗಳು ಎದುರಾದರು. ಹಲವು ಬಾಣಸಿಗರು ಅಲ್ಲಿಯೇ ಸತ್ತರು. ಹೋಟೆಲಿನ ಜನರಲ್ ಮ್ಯಾನೇಜರ್ ಕರಂಬೀರ್ ಸಿಂಗ್ ಕಾಂಗ್ ಅವರ ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳು ಆರನೆಯ ಮಹಡಿಯ ಬೆಂಕಿಯಲ್ಲಿ ತೀರಿಕೊಂಡರು. ಅವರು ರಕ್ಷಣಾ ಕಾರ್ಯವನ್ನು ಬಿಟ್ಟು ಕದಲಲಿಲ್ಲ. 29ರ ಬೆಳಿಗ್ಗೆ ಎಲ್ಲವೂ ಮುಗಿದಾಗ ತಾಜ್‌ನಲ್ಲಿ ಸತ್ತವರು ಕನಿಷ್ಠ 31 ಮಂದಿ. ಅವರಲ್ಲಿ 11 ಮಂದಿ, ಅಂದರೆ ಮೂರನೆಯ ಒಂದು ಭಾಗದಷ್ಟು ಜನ, ಆ ಹೋಟೆಲಿನ ನೌಕರರು.

ಈ ಸಂಗತಿಗಳು ಹೊಸವಲ್ಲ. ಪುಸ್ತಕಗಳಲ್ಲಿ ಬಂದಿವೆ, ಸಿನಿಮಾಗಳಾಗಿವೆ, ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ತರಗತಿಗಳಲ್ಲಿ ಪಾಠವಾಗಿವೆ. ಪ್ರತಿ ನವೆಂಬರಿನಲ್ಲಿ ನೆನಪಿನ ಸಂದೇಶಗಳಾಗಿ ಅನಿವಾಸಿ ಕನ್ನಡಿಗರ ಮೊಬೈಲುಗಳಲ್ಲಿಯೂ ಹರಿದಾಡುತ್ತವೆ. ಆ ಕಾರ್ಯಾಚರಣೆಯಲ್ಲಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನ ಮನೆಯ ಮಗನಾಗಿದ್ದ ಕಾರಣಕ್ಕೆ ಕರ್ನಾಟಕಕ್ಕೆ ಆ ನೋವು ಇನ್ನಷ್ಟು ಹತ್ತಿರದ್ದು. ಆದರೆ ಈ ಕತೆಯನ್ನು ಹೇಳುವ ರೀತಿಯಲ್ಲಿ ಒಂದು ತೊಡಕಿದೆ. ಸೈನಿಕನೊಬ್ಬ ಪ್ರಾಣ ಕೊಟ್ಟರೆ ಅದನ್ನು ಅವನ ವೃತ್ತಿಯ ಒಪ್ಪಂದದೊಳಗಿನ ಸಾವು ಎಂದು ಸಮಾಜ ಅರ್ಥ ಮಾಡಿಕೊಳ್ಳುತ್ತದೆ. ಊಟ ಬಡಿಸುವ, ಹಾಸಿಗೆ ಹಾಸುವ, ಫೋನೆತ್ತುವ ಕೆಲಸಕ್ಕೆ ಸೇರಿದವರು ಪ್ರಾಣ ಕೊಟ್ಟಾಗ ಅದು ಯಾವ ಒಪ್ಪಂದದ ಭಾಗ? ಅವರ ಸಮಚಿತ್ತ ಎಲ್ಲಿಂದ ಬಂತು, ಅದರಿಂದ ಲಾಭ ಯಾರಿಗಾಯಿತು, ಅದರ ಬೆಲೆಯನ್ನು ಯಾರು ತೆತ್ತರು ಎಂಬ ಪ್ರಶ್ನೆಗಳನ್ನು ಕೇಳದೆ ಕೈಮುಗಿಯುವುದು ಸುಲಭ. ಅದರಿಂದ ಆ ದುಡಿಯುವ ಜನಕ್ಕೆ ನ್ಯಾಯ ಸಿಗುವುದಿಲ್ಲ.

ಮೊದಲ ಪ್ರಶ್ನೆಗೆ ಆಡಳಿತ ಶಾಸ್ತ್ರ ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. 2011ರ ಡಿಸೆಂಬರಿನಲ್ಲಿ ರೋಹಿತ್ ದೇಶಪಾಂಡೆ ಮತ್ತು ಅಂಜಲಿ ರೈನಾ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಲೇಖನದ ಪ್ರಕಾರ ಆ ರಾತ್ರಿಯ ನಡವಳಿಕೆಗೆ ಯಾವ ಕೈಪಿಡಿಯೂ ಕಾರಣವಲ್ಲ. ಕಾರಣವಿರುವುದು ಸಂಸ್ಥೆಯ ನೇಮಕಾತಿ, ತರಬೇತಿ ಮತ್ತು ಮೆಚ್ಚುಗೆಯ ಪದ್ಧತಿಗಳಲ್ಲಿ. ಬೇರೆ ಹೋಟೆಲುಗಳು ಹೊಸಬರಿಗೆ ಸುಮಾರು 12 ತಿಂಗಳ ತರಬೇತಿ ಕೊಟ್ಟರೆ ತಾಜ್ 18 ತಿಂಗಳು ಕೊಡುತ್ತದೆ. ಅತಿಥಿಯೊಬ್ಬ ಒಂದು ದಿನದ ವಾಸದಲ್ಲಿ 40-45 ಬಾರಿ ನೌಕರರನ್ನು ಎದುರಾಗುತ್ತಾನೆ. ಅಂಥ ಹೆಚ್ಚಿನ ಕ್ಷಣಗಳಲ್ಲಿ ಮೇಲ್ವಿಚಾರಕರು ಹತ್ತಿರವಿರುವುದಿಲ್ಲ. ಆದ್ದರಿಂದ ಅಪ್ಪಣೆಗೆ ಕಾಯದೆ ನಿರ್ಧರಿಸುವುದನ್ನು ಅಲ್ಲಿ ಕಲಿಸಲಾಗುತ್ತದೆ. ನೌಕರರು ಅತಿಥಿಯ ಮುಂದೆ ಕಂಪನಿಯ ಪ್ರತಿನಿಧಿಗಳಾಗಿ ನಿಲ್ಲದೆ, ಕಂಪನಿಯ ಮುಂದೆ ಅತಿಥಿಯ ಪ್ರತಿನಿಧಿಗಳಾಗಿ ನಿಲ್ಲಬೇಕು ಎಂಬುದು ಅಲ್ಲಿನ ನೀತಿ. ಇವೆಲ್ಲವೂ ನಿಜಕ್ಕೂ ಗಮನಾರ್ಹ. ಒಳ್ಳೆಯ ತರಬೇತಿಯೂ ನಿರ್ಧರಿಸುವ ಅಧಿಕಾರವೂ ದುಡಿಯುವವರ ಘನತೆಯನ್ನು ಹೆಚ್ಚಿಸುತ್ತವೆ.

ಅದೇ ಲೇಖನದಲ್ಲಿ ಇನ್ನೊಂದು ವಿವರವಿದೆ. ಅದರ ಬಗ್ಗೆ ಚರ್ಚೆ ನಡೆದದ್ದು ಕಡಿಮೆ. ಸಂಸ್ಥೆ ಹೊಸಬರನ್ನು ಮಹಾನಗರಗಳಿಂದ ಆರಿಸುವುದಕ್ಕಿಂತ ಚಿಕ್ಕ ಊರುಗಳಿಂದ ಆರಿಸಲು ಇಷ್ಟಪಡುತ್ತದೆ: ಮುಂಬೈ ಬಿಟ್ಟು ಪುಣೆ, ಬೆಂಗಳೂರು ಬಿಟ್ಟು ಮೈಸೂರು ಮತ್ತು ಮಣಿಪಾಲ. ಅಲ್ಲಿ ಹಳೆಯ ಮೌಲ್ಯಗಳು ಇನ್ನೂ ಉಳಿದಿವೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಅಭ್ಯರ್ಥಿಗಳಲ್ಲಿ ಹುಡುಕುವ ಗುಣಗಳು ಮೂರು. ಮೊದಲನೆಯದು ಹಿರಿಯರ ಬಗೆಗಿನ ಗೌರವ. ಎರಡನೆಯದು ಕಷ್ಟದಲ್ಲಿಯೂ ಕುಂದದ ಲವಲವಿಕೆ. ಮೂರನೆಯದು, ಆ ಕುಟುಂಬಕ್ಕೆ ಈ ಸಂಬಳ ಎಷ್ಟು ಅನಿವಾರ್ಯ ಎಂಬುದು.

ಈ ಮೂರನೆಯದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಗೌರವ ಮತ್ತು ಲವಲವಿಕೆ ವ್ಯಕ್ತಿಯ ಗುಣಗಳು. ಅನಿವಾರ್ಯತೆ ಗುಣವಲ್ಲ, ಅದು ಪರಿಸ್ಥಿತಿ. ಮನೆಯ ಒಲೆ ಉರಿಯುವುದು ತನ್ನ ಸಂಬಳದಿಂದ ಎಂದು ಬಲ್ಲ ಹುಡುಗ ಅಥವಾ ಹುಡುಗಿ ಮೇಲಿನವರ ಮಾತಿಗೆ ಎದುರಾಡುವುದು ಕಡಿಮೆ, ಕೆಲಸ ಬಿಡುವುದು ಇನ್ನೂ ಕಡಿಮೆ. ಇದನ್ನು ನೇಮಕಾತಿಯ ಮಾನದಂಡವೆಂದು ಬಹಿರಂಗವಾಗಿ ಹೇಳಿಕೊಳ್ಳಬಹುದು, ಮತ್ತು ಓದಿದವರು ಅದನ್ನು ಮೌಲ್ಯವ್ಯವಸ್ಥೆಯ ಭಾಗವೆಂದು ಮೆಚ್ಚಿಕೊಳ್ಳಬಹುದು ಎಂಬುದು ಕಾಲದ ಲಕ್ಷಣ. ಬಡತನ ಮತ್ತು ವಿಧೇಯತೆಯ ನಡುವಿನ ನಂಟು ಭಾರತದ ಜಾತಿ ವ್ಯವಸ್ಥೆಗೆ ಚೆನ್ನಾಗಿ ಗೊತ್ತಿತ್ತು. ಆಧುನಿಕ ನಿರ್ವಹಣಾ ಭಾಷೆ ಅದಕ್ಕೆ ಹೊಸ ಹೆಸರು ಕೊಟ್ಟಿದೆ.

ಆ ರಾತ್ರಿ ಪ್ರಾಣ ಪಣಕ್ಕಿಟ್ಟವರು ಬಡತನದ ಕಾರಣಕ್ಕೆ ಹಾಗೆ ನಡೆದರು ಎಂದು ಇದರ ಅರ್ಥವಲ್ಲ. ಗುಂಡಿನ ಎದುರು ಯಾರೂ ಸಂಬಳದ ಲೆಕ್ಕ ಹಾಕುವುದಿಲ್ಲ. ಅದು ಅವರ ಧೀರತೆ, ಅವರ ಮನುಷ್ಯತ್ವ. ಆಕ್ಷೇಪವಿರುವುದು ಆ ಧೀರತೆಯನ್ನು ಸಂಸ್ಥೆಯ ಪದ್ಧತಿಯ ಫಲವೆಂದು ಖಾತೆಗೆ ಬರೆದುಕೊಳ್ಳುವುದರ ಬಗ್ಗೆ. ಹಾಗೆ ಬರೆದುಕೊಂಡ ಮರುಕ್ಷಣವೇ ಅದು ಎಲ್ಲ ಹೋಟೆಲುಗಳ ಎಲ್ಲ ನೌಕರರಿಂದ ನಿರೀಕ್ಷಿಸಬಹುದಾದ ಗುಣಮಟ್ಟವಾಗುತ್ತದೆ. ಸ್ವಇಚ್ಛೆಯಿಂದ ಕೊಟ್ಟದ್ದು ಸೇವಾನಿಯಮವಾಗಿ ಬದಲಾಗುತ್ತದೆ.

ಆಪತ್ತಿನಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಸಮಾಜಶಾಸ್ತ್ರಜ್ಞರು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಸಾಮೂಹಿಕ ದಿಗಿಲು ಸಿನಿಮಾಗಳಲ್ಲಿ ಕಾಣುವಷ್ಟು ಸಾಮಾನ್ಯವಲ್ಲ ಎಂಬುದನ್ನು ಅಮೆರಿಕದ ಎನ್ರಿಕೊ ಕ್ವಾರಂಟೆಲಿ 1950ರ ದಶಕದಿಂದಲೇ ತೋರಿಸುತ್ತ ಬಂದರು. ಜನ ತಮ್ಮ ದಿನನಿತ್ಯದ ಪಾತ್ರಗಳನ್ನೇ ಆಪತ್ತಿನೊಳಗೂ ಹೊತ್ತೊಯ್ಯುತ್ತಾರೆ. ಇದಕ್ಕೆ ಬಲವಾದ ಉದಾಹರಣೆ 1977ರ ಮೇ 28ರಂದು ಕೆಂಟಕಿಯ ಸೌತ್‌ಗೇಟ್ ಎಂಬಲ್ಲಿ ನಡೆದ ಬೆವರ್ಲಿ ಹಿಲ್ಸ್ ಸಪ್ಪರ್ ಕ್ಲಬ್ ಅಗ್ನಿ ದುರಂತ. ಊಟ ಮತ್ತು ಮನರಂಜನೆಯ ಆ ದೊಡ್ಡ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಬಡಿಸುವ ಹೆಂಗಸರು ತಾವು ಯಾವ ಮೇಜುಗಳಿಗೆ ಬಡಿಸುತ್ತಿದ್ದರೋ ಆ ಮೇಜುಗಳ ಜನರನ್ನು ಹೊರಗೆ ಕರೆದೊಯ್ದರು ಎಂಬುದನ್ನು ಅನಂತರದ ಅಧ್ಯಯನಗಳು ದಾಖಲಿಸಿವೆ. ತಟ್ಟೆ ಎತ್ತುವ ಕೆಲಸದಲ್ಲಿದ್ದ 18ರ ಹರೆಯದ ವಾಲ್ಟರ್ ಬೇಯ್ಲಿ ಯಾರ ಅಪ್ಪಣೆಗೂ ಕಾಯದೆ ಪ್ರದರ್ಶನ ನಡೆಯುತ್ತಿದ್ದ ವೇದಿಕೆ ಹತ್ತಿ, ಧ್ವನಿವರ್ಧಕ ಹಿಡಿದು, ಹೊರಹೋಗುವ ದಾರಿಗಳನ್ನು ಕೈಮಾಡಿ ತೋರಿಸಿ ಎಲ್ಲರೂ ಹೊರಡಿ ಎಂದ. ನೂರಾರು ಜೀವಗಳು ಉಳಿದದ್ದು ಆ ಹುಡುಗನ ಮಾತಿನಿಂದ.

ಆದರೂ ಅಲ್ಲಿ ಸತ್ತವರು 165 ಮಂದಿ. ಸಭಾಂಗಣದಲ್ಲಿ ಮಿತಿ ಮೀರಿದ ಜನರಿದ್ದರು. ವಿದ್ಯುತ್ ತಂತಿಗಳ ಜೋಡಣೆ ಕೆಟ್ಟದಾಗಿತ್ತು. ನೀರು ಚಿಮ್ಮಿಸುವ ವ್ಯವಸ್ಥೆಯಾಗಲಿ ಎಚ್ಚರಿಕೆಯ ಗಂಟೆಯಾಗಲಿ ಇರಲಿಲ್ಲ. ಹದಿನೆಂಟರ ಹುಡುಗ ಗಂಟೆಯ ಕೆಲಸವನ್ನು ತನ್ನ ಗಂಟಲಿನಿಂದ ಮಾಡಬೇಕಾಯಿತು. ನೌಕರರ ಸಮಚಿತ್ತ ಎಷ್ಟೇ ಇದ್ದರೂ ಮಾಲೀಕ ಇಡದ ಬಾಗಿಲನ್ನು ಅದು ಗೋಡೆಯಲ್ಲಿ ತೆರೆಯಲಾರದು ಎಂಬುದು ಆ ದುರಂತದ ಪಾಠ. 2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಮಂದಿ ಸತ್ತಾಗಲೂ ಚರ್ಚೆಗೆ ಬಂದದ್ದು ಬೀಗ ಬಿದ್ದಿದ್ದ ತುರ್ತು ದಾರಿಗಳೇ. ಅದು ಹೋಟೆಲಲ್ಲ, ಕಚೇರಿಗಳಿದ್ದ ಕಟ್ಟಡ. ಆದರೆ ಪಾಠ ಬೇರೆಯಲ್ಲ.

ತಾಜ್ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ದಾಳಿಗೆ ಎರಡು ತಿಂಗಳ ಹಿಂದೆ, 2008ರ ಸೆಪ್ಟೆಂಬರ್ 20ರಂದು, ಇಸ್ಲಾಮಾಬಾದಿನ ಮ್ಯಾರಿಯಟ್ ಹೋಟೆಲಿನ ಮುಂದೆ ಸ್ಫೋಟಕ ತುಂಬಿದ ಲಾರಿ ಸಿಡಿದು 50ಕ್ಕೂ ಹೆಚ್ಚು ಜನ ಸತ್ತಿದ್ದರು. ಉರಿಯುತ್ತಿದ್ದ ಆ ಲಾರಿಯನ್ನು ಹೋಟೆಲಿನ ಕಾವಲುಗಾರನೊಬ್ಬ ಚಿಕ್ಕ ಬೆಂಕಿ ಆರಿಸುವ ಉಪಕರಣ ಹಿಡಿದು ಸಮೀಪಿಸಿದ್ದು ಕ್ಯಾಮೆರಾದಲ್ಲಿ ಸೆರೆಯಾಗಿದೆ. ಮುಂಬೈ ದಾಳಿಯ ನಂತರ ರತನ್ ಟಾಟಾ ಅವರೇ ತಮಗೆ ಮೊದಲೇ ಎಚ್ಚರಿಕೆ ಬಂದಿತ್ತು, ಕೆಲವು ಕ್ರಮಗಳನ್ನೂ ಕೈಗೊಂಡಿದ್ದೆವು ಎಂದು ಸಂದರ್ಶನದಲ್ಲಿ ಒಪ್ಪಿಕೊಂಡರು. ಸರ್ಕಾರದ ವೈಫಲ್ಯ ಇನ್ನೂ ದೊಡ್ಡದು. ರಾಷ್ಟ್ರೀಯ ಭದ್ರತಾ ಪಡೆಯ ಕಮಾಂಡೊಗಳು ದೆಹಲಿಯ ಕಡೆಯಿಂದ ಬಂದು ಸೇರುವ ಹೊತ್ತಿಗೆ ಬೆಳಗಾಗಿತ್ತು. ಪ್ರಭುತ್ವ ಬರುವವರೆಗಿನ ಆ ಇಡೀ ರಾತ್ರಿಯನ್ನು ಬಾಣಸಿಗರು, ಮಾಣಿಗಳು, ಆಪರೇಟರುಗಳು ತುಂಬಿದರು. ಅವರ ಧೀರತೆಯ ಹೊಗಳಿಕೆ ಪ್ರಭುತ್ವದ ಗೈರುಹಾಜರಿಯನ್ನು ಮುಚ್ಚುವ ಪರದೆಯಾಗಬಾರದು. ಟಾಟಾ ಸಮೂಹ ಅದೇ ವರ್ಷದ ಡಿಸೆಂಬರಿನಲ್ಲಿ ಟ್ರಸ್ಟ್ ಒಂದನ್ನು ಸ್ಥಾಪಿಸಿ ಸಂತ್ರಸ್ತರಿಗೆ ನೆರವಾದದ್ದನ್ನೂ ಇಲ್ಲಿ ಹೇಳಬೇಕು. ಅದು ಶ್ಲಾಘನೀಯ. ಆದರೆ ಮಾಲೀಕರ ಔದಾರ್ಯವನ್ನು ನಂಬಿ ಕಾರ್ಮಿಕರ ಸುರಕ್ಷತೆಯನ್ನು ಬಿಡಲಾಗದು. ಎಲ್ಲ ಹೋಟೆಲುಗಳಿಗೂ ಟಾಟಾ ಇರುವುದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೊಕ್‌ಶೀಲ್ಡ್ 1983ರಲ್ಲಿ ವಿಮಾನ ಪರಿಚಾರಿಕೆಯರ ಕೆಲಸವನ್ನು ಅಧ್ಯಯನ ಮಾಡಿ ಭಾವನಾತ್ಮಕ ದುಡಿಮೆ ಎಂಬ ಪರಿಕಲ್ಪನೆಯನ್ನು ಬೆಳೆಸಿದರು. ಪ್ರಯಾಣಿಕರ ಮುಂದೆ ನಗುವುದು, ತನ್ನ ಭಯವನ್ನು ಅದುಮಿ ಅವರ ಭಯವನ್ನು ತಣಿಸುವುದು ಸ್ವಭಾವದಿಂದ ತಾನಾಗಿ ಬರುವಂಥದ್ದಲ್ಲ, ಅದೊಂದು ಶ್ರಮ ಎಂಬುದು ಅವರ ವಾದದ ತಿರುಳು. ಶ್ರಮವೆಂದು ಒಪ್ಪಿದ ಮೇಲೆ ಅದಕ್ಕೆ ದಣಿವಿದೆ, ಕೂಲಿಯಿದೆ, ಹಕ್ಕುಗಳಿವೆ ಎಂದೂ ಒಪ್ಪಬೇಕಾಗುತ್ತದೆ. ಅತಿಥಿಯೇ ದೇವರು ಎಂಬ ನಮ್ಮ ನುಡಿ ಈ ಲೆಕ್ಕವನ್ನು ಮರೆಸುತ್ತದೆ. ದೇವರ ಸೇವೆಗೆ ಯಾರೂ ಓವರ್‌ಟೈಮ್ ಕೇಳುವುದಿಲ್ಲ. ಮೂಲದಲ್ಲಿ ಆ ನುಡಿ ಮನೆಯ ಯಜಮಾನನಿಗೆ ಹೇಳಿದ್ದು, ತನ್ನ ಅನ್ನದಲ್ಲಿ ಪಾಲು ಕೊಡು ಎಂದು. ಇಂದು ಮನೆಯ ಯಜಮಾನ ಹಣ ಎಣಿಸಿಕೊಳ್ಳುತ್ತಾನೆ, ದೈವಸೇವೆಯ ಹೊರೆ ಮಾತ್ರ ಕೂಲಿಯವರ ಹೆಗಲಿಗೆ ಬಂದಿದೆ.

ಈ ಸಮಚಿತ್ತಕ್ಕೆ ಬೇಕಾದ ನೆಲಗಟ್ಟನ್ನು ಕಿತ್ತರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ಮೆಲ್ಬರ್ನ್ ಕಂಡಿತು. ವಿದೇಶದಿಂದ ಬಂದವರನ್ನು ಹೋಟೆಲುಗಳಲ್ಲಿ ಪ್ರತ್ಯೇಕವಾಗಿ ಇರಿಸುವ ಕೆಲಸವನ್ನು ವಿಕ್ಟೋರಿಯಾ ಸರ್ಕಾರ ಖಾಸಗಿ ಭದ್ರತಾ ಕಂಪನಿಗಳಿಗೆ ವಹಿಸಿತು. ಅವು ಕೆಲಸವನ್ನು ಉಪಗುತ್ತಿಗೆಗೆ ಕೊಟ್ಟವು. ಕಾವಲಿಗೆ ನಿಂತವರು ದಿನಗೂಲಿಯವರು, ಸಾಕಷ್ಟು ತರಬೇತಿ ಇಲ್ಲದವರು, ರಜೆ ಹಾಕಿದರೆ ಸಂಬಳವಿಲ್ಲದವರು. ಸೋಂಕು ಅವರಿಗೂ ಅವರ ಮನೆಗಳಿಗೂ ಹರಡಿತು. ಮೊದಮೊದಲು ಸಾರ್ವಜನಿಕ ಸಿಟ್ಟು ಆ ಕಾವಲುಗಾರರ ಮೇಲೆಯೇ ತಿರುಗಿತು. ಅವರಲ್ಲಿ ಅನೇಕರು ವಲಸಿಗರು. ನ್ಯಾಯಾಧೀಶೆ ಜೆನಿಫರ್ ಕೋಟ್ ನೇತೃತ್ವದ ವಿಚಾರಣೆ ಮಾತ್ರ ಬೊಟ್ಟು ಮಾಡಿದ್ದು ಉದ್ಯೋಗದ ಅಭದ್ರತೆ, ಉಪಗುತ್ತಿಗೆ ಮತ್ತು ಹೊಣೆ ಯಾರದೆಂಬುದೇ ಗೊತ್ತಿಲ್ಲದ ಆಡಳಿತದ ಕಡೆಗೆ. ತಾಜ್‌ನಲ್ಲಿ 18 ತಿಂಗಳ ತರಬೇತಿ, ಇಲ್ಲಿ ಅವಸರದ ಸೂಚನೆಗಳು. ಎರಡೂ ಕಡೆ ನಿಂತವರು ಮನುಷ್ಯರೇ. ಒಬ್ಬರು ವೀರರಾಗಿ, ಇನ್ನೊಬ್ಬರು ಅಪರಾಧಿಗಳಾಗಿ ಕಂಡದ್ದರಲ್ಲಿ ಅವರವರ ಸ್ವಭಾವಕ್ಕಿಂತ ಅವರ ನೌಕರಿಯ ಸ್ವರೂಪದ ಪಾಲು ದೊಡ್ಡದು.

ಆಪತ್ತು ಎಂದರೆ ಯಾವುದು ಎಂಬ ಪ್ರಶ್ನೆಯೂ ಇಲ್ಲಿದೆ. ಬೆಂಕಿ, ಬಂದೂಕು, ಭೂಕಂಪಗಳನ್ನು ಎಲ್ಲರೂ ಆಪತ್ತೆಂದು ಒಪ್ಪುತ್ತಾರೆ. ಹೋಟೆಲಿನ ಕೋಣೆ ಗುಡಿಸುವ ಹೆಣ್ಣುಮಗಳಿಗೆ ಮುಚ್ಚಿದ ಬಾಗಿಲ ಹಿಂದೆ ಅತಿಥಿಯೇ ಆಪತ್ತಾಗಬಹುದು. 2016ರಲ್ಲಿ ಶಿಕಾಗೋದ ಹೋಟೆಲ್ ಕಾರ್ಮಿಕರ ಸಂಘ ನಡೆಸಿದ ಸಮೀಕ್ಷೆಯಲ್ಲಿ ಕೋಣೆ ಶುಚಿ ಮಾಡುವ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ, ಅತಿಥಿಗಳು ತಮ್ಮೆದುರು ಬೆತ್ತಲೆಯಾಗಿ ನಿಂತ ಅನುಭವ ಹೇಳಿಕೊಂಡರು. ದೇವರು ಹೀಗೆ ನಿಂತಾಗಲೂ ಸಮಚಿತ್ತದಿಂದ ಕ್ಷಮೆ ಕೇಳಿ ಹೊರಬರುವುದೇ ಅಲ್ಲಿಯವರೆಗೆ ಅವರಿಂದ ನಿರೀಕ್ಷಿಸಿದ್ದ ನಡವಳಿಕೆ. ಸಂಘಟಿತರಾದ ಆ ಹೆಣ್ಣುಮಕ್ಕಳು 2016ರಲ್ಲಿ ಸಿಯಾಟಲ್‌ನಲ್ಲಿ ಜನಮತದ ಮೂಲಕ, 2017ರಲ್ಲಿ ಶಿಕಾಗೋದಲ್ಲಿ ನಗರಸಭೆಯ ಮೂಲಕ, ಒಂಟಿಯಾಗಿ ಕೆಲಸ ಮಾಡುವವರಿಗೆ ತುರ್ತು ಗುಂಡಿ ಕೊಡುವುದನ್ನು ಕಡ್ಡಾಯ ಮಾಡಿಸಿದರು. ಗುಂಡಿ ಒತ್ತಿ ಕೋಣೆಯಿಂದ ಹೊರಬಂದವರನ್ನು ಶಿಕ್ಷಿಸುವಂತಿಲ್ಲ ಎಂಬುದೂ ಆ ಶಿಕಾಗೋ ಕಾನೂನಿನಲ್ಲಿ ಸೇರಿತು.

ಹೊರಬರುವ ಹಕ್ಕು: ಇಡೀ ವಾದ ಬಂದು ನಿಲ್ಲುವುದು ಇಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೆಯ ಒಡಂಬಡಿಕೆಯ ಪ್ರಕಾರ, ಜೀವಕ್ಕೆ ಸನ್ನಿಹಿತವಾದ ಗಂಭೀರ ಅಪಾಯವಿದೆ ಎಂದು ನಂಬಲು ಸಕಾರಣವಿದ್ದಾಗ ಕೆಲಸದ ಸ್ಥಳ ಬಿಟ್ಟು ಹೋದ ಕಾರ್ಮಿಕರಿಗೆ ಅದರಿಂದ ಅನುಚಿತ ತೊಂದರೆಯಾಗದಂತೆ ರಕ್ಷಣೆ ಇರಬೇಕು. 2022ರಲ್ಲಿ ಇದನ್ನು ಮೂಲಭೂತ ಒಡಂಬಡಿಕೆಗಳ ಸಾಲಿಗೆ ಸೇರಿಸಲಾಯಿತು. ಹೋಟೆಲ್ ಮತ್ತು ರೆಸ್ಟೊರೆಂಟ್ ಕಾರ್ಮಿಕರ ಕೆಲಸದ ಸ್ಥಿತಿಗತಿಗಳಿಗೆಂದೇ 1991ರಲ್ಲಿ ಬಂದ 172ನೆಯ ಒಡಂಬಡಿಕೆಗೆ ಭಾರತವೂ ಅಮೆರಿಕವೂ ಇಂದಿಗೂ ಸಹಿ ಮಾಡಿಲ್ಲ. ಕಾಗದದ ಮೇಲಿನ ಹಕ್ಕು ಬದುಕಿನಲ್ಲಿ ಇನ್ನೂ ದೂರ. ಕೊಲ್ಲಿ ದೇಶಗಳ ಹೋಟೆಲುಗಳಲ್ಲಿ ದುಡಿಯುವ ಕರಾವಳಿ ಕರ್ನಾಟಕದ ಯುವಕರಿಗೆ ಕೆಲಸ ಬಿಡುವುದೆಂದರೆ ಎಷ್ಟೋ ವೇಳೆ ವೀಸಾ ಕಳೆದುಕೊಳ್ಳುವುದು, ಸಾಲ ತೀರಿಸದೆ ಊರಿಗೆ ಮರಳುವುದು. ಅಂಥವರು ಆಪತ್ತಿನಲ್ಲಿ ಅತಿಥಿಯ ಪಕ್ಕ ನಿಂತರೆ ಅದು ಕರ್ತವ್ಯವೋ, ಪ್ರೀತಿಯೋ, ಬೇರೆ ದಾರಿಯಿಲ್ಲದಿರುವಿಕೆಯೋ ಎಂದು ಹೊರಗಿನವರು ಹೇಗೆ ತಿಳಿಯಬೇಕು?

ಉಳಿದು ನಿಂತವರ ಧೀರತೆಗೆ ಅರ್ಥ ಬರುವುದು ಹೊರಡಲು ಅವರಿಗೆ ನಿಜವಾದ ಅವಕಾಶವಿದ್ದಾಗ. ಇದರಿಂದ ಅತಿಥಿಗಳು ಅನಾಥರಾಗುವರು ಎಂಬ ಅಂಜಿಕೆಗೆ ಆಧಾರವಿಲ್ಲ. ಕೆಂಟಕಿಯ ಬಡಿಸುವ ಹೆಂಗಸರನ್ನು ಯಾವ ನಿಯಮವೂ ಕಟ್ಟಿಹಾಕಿರಲಿಲ್ಲ; ತಾಜ್‌ನ ನೌಕರರಿಗೆ ಹಿಂಬಾಗಿಲುಗಳೆಲ್ಲ ಗೊತ್ತಿದ್ದವು. ಕಟ್ಟಡವನ್ನು ಬಲ್ಲವರು, ಕಸುಬನ್ನು ಬಲ್ಲವರು, ತಮ್ಮ ಮಾತಿಗೆ ಬೆಲೆಯಿದೆ ಎಂದು ಬಲ್ಲವರು ಸಾಮಾನ್ಯವಾಗಿ ಇತರರನ್ನು ಬಿಟ್ಟು ಓಡುವುದಿಲ್ಲ. ಅಭದ್ರತೆಯಲ್ಲಿ ಇಟ್ಟವರಿಂದ ಇದನ್ನು ನಿರೀಕ್ಷಿಸುವುದೇ ಅನ್ಯಾಯ.

ಹೋಟೆಲ್ ಎಂಬುದು ಕನ್ನಡಿಗರಿಗೆ ಹೊರಗಿನ ಲೋಕವಲ್ಲ. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರ ಪೀಳಿಗೆಗಳೇ ಇವೆ. ಜಾರ್ಜ್ ಫರ್ನಾಂಡಿಸ್ ತಮ್ಮ 19ರ ವಯಸ್ಸಿನಲ್ಲಿ ಮಂಗಳೂರಿನಲ್ಲಿ ಮೊದಲು ಸಂಘಟಿಸಿದ್ದು ಸಾರಿಗೆ ಮತ್ತು ಹೋಟೆಲ್ ಕಾರ್ಮಿಕರನ್ನು. ಅಲ್ಲಿಂದ ಅವರು ಮುಂಬೈಗೆ ಹೋದರು. ಅವರ ಅನಂತರದ ರಾಜಕೀಯದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಮಾಣಿಯೂ ಕಾರ್ಮಿಕ, ಅವನಿಗೂ ಸಂಘ ಬೇಕು ಎಂಬ ಆ ಮೊದಲ ತಿಳಿವು ಸರಿಯಾಗಿತ್ತು. ಆ ಪರಂಪರೆಯ ಮಕ್ಕಳು ಮೊಮ್ಮಕ್ಕಳು ಇಂದು ಹೊರದೇಶಗಳಲ್ಲಿ ಸಮ್ಮೇಳನಗಳಿಗೆಂದು ದೊಡ್ಡ ಹೋಟೆಲುಗಳಲ್ಲಿ ಅತಿಥಿಗಳಾಗಿ ಇಳಿಯುತ್ತಾರೆ.

ಅತಿಥಿಗಳಿಗೂ ಕೆಲವು ಕರ್ತವ್ಯಗಳಿವೆ. ಅಮೆರಿಕದ ಹಲವು ವಿದ್ವತ್ ಸಂಘಟನೆಗಳು ಸಮ್ಮೇಳನಕ್ಕೆ ಹೋಟೆಲನ್ನು ಗೊತ್ತುಮಾಡುವಾಗ ಅಲ್ಲಿ ಕಾರ್ಮಿಕ ಸಂಘವಿದೆಯೇ ಎಂದು ನೋಡುತ್ತವೆ, ಮುಷ್ಕರ ನಡೆದರೆ ಒಪ್ಪಂದ ಮುರಿಯುವ ಷರತ್ತನ್ನು ಸೇರಿಸುತ್ತವೆ. ನೂರಾರು ಕೋಣೆಗಳನ್ನು ಒಟ್ಟಿಗೆ ಕಾಯ್ದಿರಿಸುವ ಕನ್ನಡ ಕೂಟಗಳಿಗೂ ಇದು ಸಾಧ್ಯ. ಕೋಣೆ ಶುಚಿ ಮಾಡುವವರ ಕೈಯಲ್ಲಿ ತುರ್ತು ಗುಂಡಿ ಇದೆಯೇ, ಅಗ್ನಿ ಸುರಕ್ಷತೆಯ ತಾಲೀಮಿನಲ್ಲಿ ಗುತ್ತಿಗೆಯ ನೌಕರರೂ ಸೇರಿರುತ್ತಾರೆಯೇ, ಕಾಯಿಲೆ ಬಿದ್ದವರಿಗೆ ಸಂಬಳಸಹಿತ ರಜೆ ಇದೆಯೇ ಎಂದು ಊಟದ ಪಟ್ಟಿಯನ್ನು ವಿಚಾರಿಸುವಷ್ಟೇ ಸಹಜವಾಗಿ ವಿಚಾರಿಸಬಹುದು. ಕೇಳುವವರು ಹಣ ಕೊಡುವವರಾದ್ದರಿಂದ ಉತ್ತರ ಕೊಡಲೇಬೇಕಾಗುತ್ತದೆ. ತಾಜ್‌ನಲ್ಲಿ ಸತ್ತ 11 ನೌಕರರನ್ನು ನೆನೆಯುವವರು ಮುಂದಿನ ಸಮ್ಮೇಳನದ ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ ಈ ಪ್ರಶ್ನೆಗಳನ್ನು ಕೇಳಲಿ.